ಸೆನ್ಸೇ ಮನೆಯ ಕಸ

ನನ್ನ ಹತ್ತಿರ ಗಣಿತ ಕಲಿತ ಪುಣೆಯ ಹುಡುಗಿಯೊಬ್ಬಳು ಪಶ್ಚಿಮ ಜಪಾನಿನ ಸಣ್ಣ ಊರೊಂದರ ಶಾಲೆಗೆ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ, ಅಲ್ಲಿಯವರ ಮಾತಿನಲ್ಲಿ 'ಸೆನ್ಸೇ' ಆಗಿ, ಹೋದಳು. ಹೋದ ಮೂರನೇ ವಾರಕ್ಕೆ ಫೋನು ಬಂತು. ಅಳುತ್ತಿರಲಿಲ್ಲ, ಅಳುವುದಕ್ಕೆ ಸ್ವಲ್ಪ ಮೊದಲಿನ ದನಿ. ಆಗಿದ್ದು ಇಷ್ಟೇ: ಬೆಳಿಗ್ಗೆ ಓಣಿಯ ತುದಿಯಲ್ಲಿ ಇಟ್ಟುಬಂದ ಕಸದ ಚೀಲವನ್ನು ಗಾಡಿಯವರು ಒಯ್ಯದೆ, ಮೇಲೊಂದು ಚೀಟಿ ಅಂಟಿಸಿ ಬಿಟ್ಟುಹೋಗಿದ್ದರು. ಅವತ್ತು ಸುಡುವ ಕಸದ ದಿನ. ಇವಳು ಅದರೊಳಗೆ ಪ್ಲಾಸ್ಟಿಕ್ ಬಾಟಲಿ ತುರುಕಿದ್ದಳು. ಅಲ್ಲಿ ಕಸದ ಚೀಲ ಒಳಗಿನದು ಕಾಣುವ ಹಾಗೆ ಇರಬೇಕು. ಸಂಜೆ ಇವಳು ಶಾಲೆಯಿಂದ ಬರುವಷ್ಟರಲ್ಲಿ ಓಣಿಯಲ್ಲಿ ಓಡಾಡಿದವರೆಲ್ಲ ಚೀಲದೊಳಗಿದ್ದ ಪುಣೆಯ ಭಾಕರವಡಿಯ ಖಾಲಿ ಪೊಟ್ಟಣ ನೋಡಿದ್ದರು. ಅದು ಯಾರ ಮನೆಯ ಕಸ ಎಂದು ಕೇಳಬೇಕಾಗಿರಲಿಲ್ಲ.

"ಶಾಲೆಯಲ್ಲಿ ಎಲ್ಲರೂ ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾರೆ ಸರ್. ಆದರೆ ಯಾವ ದಿನ ಯಾವ ಕಸ ಅಂತ ಒಬ್ಬರೂ ಹೇಳಲಿಲ್ಲ" ಅಂದಳು.

ಅವಳು ಜಪಾನಿ ಬಾರದವಳಲ್ಲ. ಪುಣೆಯಲ್ಲಿ ಜಪಾನಿ ಕಲಿಯುವುದು ಸಂಗೀತ ಕಲಿತಷ್ಟೇ ಸಾಮಾನ್ಯ. ಫರ್ಗ್ಯುಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಸಂಜೆ ಹೊತ್ತು ವಿದೇಶಿ ಭಾಷೆ ಓದುವ ಹುಡುಗ ಹುಡುಗಿಯರನ್ನು ಈ ಊರು ದಶಕಗಳಿಂದ ನೋಡಿದೆ. ಜಪಾನಿ ಭಾಷೆಯ ಜೆ.ಎಲ್.ಪಿ.ಟಿ. ಪರೀಕ್ಷೆಗೆ ಪುಣೆ ಒಂದು ಕೇಂದ್ರ. ತೀರ ಕೆಳಗಿನ ಹಂತವಾದ ಎನ್-5ರಿಂದ ಮೇಲಕ್ಕೆ ಏರಿ ಎನ್-3 ಪಾಸು ಮಾಡಿಕೊಂಡೇ ಅವಳು ವಿಮಾನ ಹತ್ತಿದ್ದು. ಪರೀಕ್ಷೆಯಲ್ಲಿ ಎಲ್ಲ ಕೇಳಿದ್ದರು, ಕಸದ ವಾರಪಟ್ಟಿಯೊಂದನ್ನು ಬಿಟ್ಟು.

ಅವಳ ಮಾತು ಕೇಳಿದಾಗ ನನಗೆ 1994ರ ಪುಣೆಯ ಸದಾಶಿವ ಪೇಠೆ ನೆನಪಾಯಿತು. ಧಾರವಾಡದಿಂದ ಬಂದು ಇಲ್ಲಿಯ ಒಂದು ಖಾಸಗಿ ಕಾಲೇಜಿಗೆ ಗಣಿತದ ಮಾಸ್ತರನಾಗಿ ಸೇರಿದ್ದೆ. ಹಳೆಯ ವಾಡೆಯೊಂದರಲ್ಲಿ ಕೋಣೆ ಇದೆ ಎಂದು ಯಾರೋ ಹೇಳಿದರು. ಹೋಗಿ ಕೇಳಿದೆ. ಮಾಲೀಕರು ಗಂಭೀರವಾಗಿ "ಅಜೂನ್ ಅವಕಾಶ ಆಹೆ" ಅಂದರು. ಇನ್ನೂ ಅವಕಾಶ ಇದೆ ಎಂದ ಮೇಲೆ ಮತ್ತೇನು? ಮುಂದಿನ ಭಾನುವಾರ ಟ್ರಂಕು, ಹಾಸಿಗೆ ಸುರುಳಿ, ಸ್ಟೋವು ಹೇರಿಕೊಂಡು ರಿಕ್ಷಾದಲ್ಲಿ ಇಳಿದೆ. ಮರಾಠಿಯಲ್ಲಿ ಅವಕಾಶ ಎಂದರೆ ಸಮಯ. ಅವರು ಹೇಳಿದ್ದು, ಇನ್ನೂ ಸಮಯವಿದೆ, ಈಗಲೇ ಖಾಲಿಯಾಗುವುದಿಲ್ಲ ಎಂದು. ಒಳಗೆ ಬಾಡಿಗೆಯವರು ಊಟ ಮಾಡುತ್ತಿದ್ದರು. ಮಾಲೀಕರು ನಗಲಿಲ್ಲ. ನಾನು ಪ್ರಾಧ್ಯಾಪಕ ಎಂದು ತಿಳಿದು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಎರಡು ಬಾರಿ "ಸರ್" ಅಂದರು. ಆಮೇಲೆ ಟ್ರಂಕಿನ ಸಮೇತ ಕಳಿಸಿಕೊಟ್ಟರು.

ಮೂವತ್ತು ವರ್ಷಗಳ ನಂತರವೂ ಆ ಕುರ್ಚಿ ನನ್ನ ಕಣ್ಣ ಮುಂದಿದೆ. ಪರವೂರಿನ ಮಾಸ್ತರನಿಗೆ ಯಾವ ಊರಾದರೂ ಗೌರವವನ್ನು ಬೇಗ ಕೊಡುತ್ತದೆ, ಅದಕ್ಕೆ ಖರ್ಚಿಲ್ಲ. ನೆಲೆ ಕೊಡುವುದು ತಡ. ಗೌರವವೇ ಎಷ್ಟೋ ಸಲ ನೆಲೆಗೆ ಅಡ್ಡ ಬರುತ್ತದೆ ಎಂಬುದು ನನ್ನ ವಾದ. ಗೌರವದ ಕುರ್ಚಿ ಯಾವಾಗಲೂ ಪಡಸಾಲೆಯಲ್ಲೇ ಇರುತ್ತದೆ. ಅದರ ಮೇಲೆ ಕೂತವನಿಗೆ ಅಡುಗೆಮನೆಯ ವಾಸನೆ ಬರುತ್ತದೆ, ಅಡುಗೆಮನೆ ಕಾಣುವುದಿಲ್ಲ.

ಜಪಾನಿಗೆ ಈ ವಿಷಯದಲ್ಲಿ ನಮಗಿಂತ ಹಳೆಯ ಅನುಭವವಿದೆ. ಮೇಜಿ ಚಕ್ರವರ್ತಿಯ ಕಾಲದಲ್ಲಿ ಆ ದೇಶ ಪಶ್ಚಿಮದಿಂದ ಎಂಜಿನಿಯರು, ವೈದ್ಯರು, ಮಾಸ್ತರರನ್ನು ದೊಡ್ಡ ಸಂಬಳ ಕೊಟ್ಟು ಕರೆಸಿಕೊಂಡಿತು. ಅವರನ್ನು 'ಒಯಾತೊಯಿ' ಎಂದು ಕರೆದರು, ಅಂದರೆ ಸಂಬಳಕ್ಕೆ ಇಟ್ಟುಕೊಂಡವರು. ಹೆಸರಲ್ಲೇ ಎಲ್ಲವೂ ಇದೆ. ವಿದ್ಯೆ ಕಲಿತಾದ ಮೇಲೆ ಅವರ ಜಾಗಕ್ಕೆ ನಮ್ಮವರು ಬರಬೇಕು ಎಂಬ ಲೆಕ್ಕ ಮೊದಲೇ ಇತ್ತು, ಮತ್ತು ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಗೆ ಬಂದವರಲ್ಲಿ ಲಫ್ಕಾಡಿಯೊ ಹರ್ನ್ ಒಬ್ಬ. ತಂದೆ ಐರಿಷ್, ತಾಯಿ ಗ್ರೀಕ್. 1890ರಲ್ಲಿ ಮಾತ್ಸುಎ ಎಂಬ ಊರಿನ ಶಾಲೆಗೆ ತಿಂಗಳಿಗೆ ನೂರು ಯೆನ್ ಸಂಬಳದ ಮೇಲೆ ಬಂದ. ಹೆಸರನ್ನು ಜಪಾನಿ ಲಿಪಿಗೆ ಇಳಿಸುವಾಗ ಹರ್ನ್ ಹೋಗಿ ಹೆರುನ್ ಆಯಿತು. ಊರೆಲ್ಲ 'ಹೆರುನ್-ಸಾನ್' ಅಂದಿತು, ಅವನೂ ಒಪ್ಪಿಕೊಂಡ. ಅಲ್ಲಿಯ ಸಮುರಾಯ್ ಮನೆತನದ ಸೆತ್ಸು ಎಂಬಾಕೆಯನ್ನು ಮದುವೆಯಾದ. ಇಬ್ಬರಿಗೂ ಇನ್ನೊಬ್ಬರ ಭಾಷೆ ನೆಟ್ಟಗೆ ಬಾರದು. ವಿಭಕ್ತಿಯಿಲ್ಲದ, ಕ್ರಿಯಾಪದ ಎಲ್ಲೆಲ್ಲೋ ಬೀಳುವ ಒಂದು ಮುರುಕು ಜಪಾನಿ ಆ ಮನೆಯಲ್ಲಿ ಹುಟ್ಟಿಕೊಂಡಿತು. ಆ ಮುರುಕು ಮಾತಿನಲ್ಲೇ ಸೆತ್ಸು ಹೇಳಿದ ದೆವ್ವದ ಕಥೆಗಳು ಮುಂದೆ ಅವನನ್ನು ಲೋಕಪ್ರಸಿದ್ಧ ಮಾಡಿದವು. ಶಾಲೆಯ ಹಲಗೆಯ ಮುಂದೆ ಅವನು ಕಲಿಸುವವನು, ಮನೆಯೊಳಗೆ ಕಲಿಯುವವನು. ಮಾತ್ಸುಎಯಲ್ಲಿ ಅವನಿದ್ದದ್ದು ಹದಿನೈದು ತಿಂಗಳಷ್ಟೇ, ಚಳಿ ತಡೆಯದೆ ಕುಮಾಮೊಟೊಗೆ ಹೋದ. ಆದರೂ ಊರು ಇವತ್ತಿಗೂ ಅವನನ್ನು ನಮ್ಮವನು ಅನ್ನುತ್ತದೆ.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. 1896ರಲ್ಲಿ ಅವನು ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂದು ಹೆಸರಿಟ್ಟುಕೊಂಡ, ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ. 1903ರಲ್ಲಿ ಆ ಕೆಲಸ ಹೋಯಿತು. ಆ ಜಾಗಕ್ಕೆ ಬಂದವರಲ್ಲಿ ಇಂಗ್ಲೆಂಡಿನಿಂದ ಆಗಷ್ಟೇ ಮರಳಿದ್ದ ನತ್ಸುಮೆ ಸೊಸೆಕಿ ಒಬ್ಬ. ಹೆಂಡತಿ, ಮಕ್ಕಳು, ಹೆಸರು, ಪೌರತ್ವ ಎಲ್ಲ ಜಪಾನಿನದೇ ಆದ ಮನುಷ್ಯನನ್ನೂ ಸಂಸ್ಥೆ ಹೊರಗಿನವನೆಂದೇ ಎಣಿಸಿತು. ಓಣಿ ಕೊಟ್ಟದ್ದನ್ನು ಕಚೇರಿ ಕಿತ್ತುಕೊಂಡಿತು.

ಇದೇ ಸೊಸೆಕಿ ತಾನೇ ಒಂದು ಕಾಲಕ್ಕೆ ಪರವೂರಿನ ಮಾಸ್ತರ. 1895ರಲ್ಲಿ ಟೋಕಿಯೋ ಬಿಟ್ಟು ಶಿಕೊಕು ದ್ವೀಪದ ಮಾತ್ಸುಯಾಮದಲ್ಲಿ ಒಂದು ವರ್ಷ ಪಾಠ ಹೇಳಿದ್ದ. ಆ ಅನುಭವ 1906ರಲ್ಲಿ 'ಬೊಚ್ಚಾನ್' ಎಂಬ ಕಾದಂಬರಿಯಾಯಿತು. ಸಣ್ಣ ಊರಿಗೆ ಹೋಗುವ ಯಾವ ಮಾಸ್ತರನಾದರೂ ಇದನ್ನು ಮೊದಲು ಓದಿ ಹೋಗುವುದು ಒಳ್ಳೆಯದು. ಅದರ ನಾಯಕ, ಟೋಕಿಯೋದ ಮುಂಗೋಪಿ ಹುಡುಗ, ಒಂದು ಸಂಜೆ ಅಂಗಡಿಗೆ ಹೋಗಿ ನಾಲ್ಕು ಬಟ್ಟಲು ತೆಂಪುರ ನೂಡಲ್ಸ್ ತಿನ್ನುತ್ತಾನೆ. ಮರುದಿನ ತರಗತಿಗೆ ಹೋದರೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೆಂಪುರ ಮಾಸ್ತರ ಎಂದು ಬರೆದಿರುತ್ತದೆ. ಆಮೇಲೆ ಸಿಹಿ ಕಡುಬು ತಿಂದರೆ ಅದೂ ಹಲಗೆಗೆ ಬರುತ್ತದೆ. ಬಿಸಿನೀರಿನ ಕೊಳದಲ್ಲಿ ಈಜಿದರೆ, ಮುಂದಿನ ಸಲ ಅಲ್ಲಿ ಈಜಬಾರದೆಂಬ ಫಲಕ ತೂಗುತ್ತಿರುತ್ತದೆ. ಅವನಿಗೆ ಇದು ತಡೆಯಲಾರದ ಅವಮಾನ. ಊರಿಗೆ ಬೈದು, ಸಹೋದ್ಯೋಗಿಯೊಬ್ಬನ ಮುಖಕ್ಕೆ ಮೊಟ್ಟೆ ಒಡೆದು, ಹಡಗು ಹತ್ತಿ ವಾಪಸು ಹೋಗುತ್ತಾನೆ.

ನಾನು ಬೊಚ್ಚಾನ್‌ನ ಪಕ್ಷದವನಲ್ಲ. ಓಣಿ ನಿಮ್ಮ ಬಟ್ಟಲು ಎಣಿಸುತ್ತದೆ ಎಂದರೆ ಓಣಿಗೆ ನೀವು ಕಾಣುತ್ತೀರಿ ಎಂದರ್ಥ. ನೋಡಿಯೂ ನೋಡದ ಹಾಗೆ ತಲೆಬಾಗಿ ಹೋಗುವ ಮರ್ಯಾದೆಗಿಂತ ಆ ಕುಚೇಷ್ಟೆ ಮೇಲು. ಅಷ್ಟೆಲ್ಲ ಬೈಸಿಕೊಂಡ ಮಾತ್ಸುಯಾಮ ಇವತ್ತು ಏನು ಮಾಡಿದೆ ಗೊತ್ತೆ? ಪುಟ್ಟ ರೈಲಿಗೆ ಬೊಚ್ಚಾನ್ ರೈಲು ಎಂದು ಹೆಸರಿಟ್ಟಿದೆ, ಕ್ರೀಡಾಂಗಣಕ್ಕೆ ಬೊಚ್ಚಾನ್ ಕ್ರೀಡಾಂಗಣ ಎಂದು, ಸಿಹಿ ಕಡುಬಿಗೂ ಬೊಚ್ಚಾನ್ ಎಂದೇ. ನಮ್ಮ ಊರುಗಳು ಬೈದವರನ್ನು ಇಷ್ಟು ಚೆನ್ನಾಗಿ ಜೀರ್ಣಿಸಿಕೊಳ್ಳುತ್ತವೆಯೇ ಎಂಬುದು ಅನುಮಾನ.

ಇನ್ನು ಆ ಪುಣೆಯ ಹುಡುಗಿ ಹೋದ ವ್ಯವಸ್ಥೆ. ಜೆಟ್ ಎಂಬ ಈ ಯೋಜನೆ 1987ರಲ್ಲಿ ಶುರುವಾದದ್ದು. ಈಗ ಐದು ಸಾವಿರಕ್ಕೂ ಹೆಚ್ಚು ವಿದೇಶಿ ಯುವಕ ಯುವತಿಯರು ಅದರಡಿ ಜಪಾನಿನ ಊರೂರುಗಳಲ್ಲಿರುತ್ತಾರೆ. ಕರಾರು ಒಂದು ವರ್ಷದ್ದು. ಎರಡೂ ಕಡೆ ಒಪ್ಪಿದರೆ ಮುಂದುವರಿಕೆ, ಹೆಚ್ಚೆಂದರೆ ಐದು ವರ್ಷ. ಪಾಠದ ಹೊಣೆ ಜಪಾನಿ ಶಿಕ್ಷಕರದ್ದು. ಇವರು ಪಕ್ಕದಲ್ಲಿ ನಿಂತು ಉಚ್ಚಾರಣೆ ಹೇಳಿಕೊಡಬೇಕು. ತಮ್ಮನ್ನು ತಾವೇ ಅವರು 'ಮನುಷ್ಯ ಟೇಪ್ ರೆಕಾರ್ಡರ್' ಎಂದು ಕರೆದುಕೊಳ್ಳುವುದುಂಟು. ಅವರ ನಡುವೆ ಇನ್ನೊಂದು ಮಾತೂ ಗಾದೆಯಂತೆ ಓಡಾಡುತ್ತದೆ: "ಎವ್ರಿ ಸಿಚುಯೇಷನ್ ಈಸ್ ಡಿಫರೆಂಟ್." ಯಾವ ದೂರಿಗೂ ಇದೇ ಉತ್ತರವಂತೆ. ಒಬ್ಬಳಿಗೆ ಬೆಚ್ಚನೆಯ ಮನೆ, ಇನ್ನೊಬ್ಬನಿಗೆ ಜನವರಿಯಲ್ಲಿ ನಲ್ಲಿ ಹೆಪ್ಪುಗಟ್ಟುವ ಮನೆ.

ಚೀಟಿ ಅಂಟಿದ ಚೀಲದ ಕಥೆ ಹೀಗೆ ಮುಂದುವರಿಯಿತು. ಮರುದಿನ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದಳು. ಕೈಯಲ್ಲಿ ಊರಿನ ಕಚೇರಿ ಹಂಚುವ ಕಸದ ಕ್ಯಾಲೆಂಡರ್, ಬಣ್ಣದ ಪೆನ್ಸಿಲ್. ಹೊಸ್ತಿಲ ಹತ್ತಿರವೇ ಕೂತು ಸುಡುವ ಕಸಕ್ಕೆ ಕೆಂಪು, ಡಬ್ಬಿ ಬಾಟಲಿಗೆ ನೀಲಿ, ಹಳೆಯ ಪೇಪರಿಗೆ ಹಸಿರು ಸುತ್ತು ಹಾಕಿದಳು. ಬಾಟಲಿಯ ಮುಚ್ಚಳ ಬೇರೆ, ಸುತ್ತಿನ ಚೀಟಿ ಬೇರೆ, ಬಾಟಲಿ ತೊಳೆದು ಬೇರೆ ಎಂದು ಮಾಡಿ ತೋರಿಸಿದಳು. ನಡುನಡುವೆ ಗದರಿದಳಂತೆ. "ಆಡುಭಾಷೆಯಲ್ಲಿ ಬೈದಳು ಸರ್, ಅರ್ಧ ಅರ್ಥವಾಗಲಿಲ್ಲ, ಆದರೆ ಬಂದಾಗಿನಿಂದ ಯಾರೂ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿರಲಿಲ್ಲ." ಅಲ್ಲಿಂದ ಓಣಿಯ ಸುತ್ತೋಲೆಯ ಹಲಗೆ, ಮನೆಯಿಂದ ಮನೆಗೆ ಸಹಿ ಹಾಕಿ ದಾಟಿಸುವಂಥದ್ದು, ಇವಳ ಬಾಗಿಲಿಗೂ ಬರತೊಡಗಿತು. ಐದನೇ ವರ್ಷ ಕಸದ ಕಟ್ಟೆ ತೊಳೆಯುವ, ಕಾಗೆ ಕೆದರದಂತೆ ಹೊದಿಸುವ ಬಲೆ ಒಣಗಿಸುವ ಸರದಿಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ಅದೇ ವರ್ಷ ಕರಾರು ಮುಗಿಯಿತು.

ಈಗ ಅವಳು ಪುಣೆಯ ಕೊಥರೂಡಿನಲ್ಲಿ ಜಪಾನಿ ಪಾಠ ಹೇಳುತ್ತಾಳೆ. ಮೊದಲ ವಾರವೇ ಕಸದ ಕ್ಯಾಲೆಂಡರ್ ಪಾಠ.

ನೆಲೆ ಸಿಗುವಷ್ಟರಲ್ಲಿ ಹೊರಡಬೇಕಾದ ಈ ಕಥೆಗೆ ಎದುರು ಉದಾಹರಣೆ ಇಲ್ಲವೆಂದಲ್ಲ. ಮಹಾರಾಷ್ಟ್ರದಿಂದ ಹೋದ ಯೋಗೇಂದ್ರ ಪುರಾಣಿಕರು ಜಪಾನಿನ ಪೌರತ್ವ ಪಡೆದು, 2019ರಲ್ಲಿ ಟೋಕಿಯೋದ ಎದೊಗಾವಾ ವಾರ್ಡಿನ ಸಭೆಗೆ ಆರಿಸಿಬಂದರು. 2023ರಲ್ಲಿ ಇಬರಾಕಿ ಪ್ರಾಂತ್ಯದ ತ್ಸುಚಿಉರಾ ಎಂಬ ನಗರದ ಸರ್ಕಾರಿ ಪ್ರೌಢಶಾಲೆಗೆ ಪ್ರಾಂಶುಪಾಲರಾದರು. ಕ್ರಮ ಗಮನಿಸಿ: ಮೊದಲು ಬೀದಿಯಲ್ಲಿ ನಿಂತು ಮತ ಕೇಳಿದ್ದು, ಶಾಲೆ ಆಮೇಲೆ.

ಪುಣೆ ಮತ್ತು ಜಪಾನಿನ ನಡುವೆ ಕೊಡುಕೊಳ್ಳುವಿಕೆ ಇವತ್ತಿನದಲ್ಲ. ಮಹರ್ಷಿ ಕರ್ವೆಯವರು 1916ರಲ್ಲಿ ಪುಣೆಯ ಹಿಂಗಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ತೆರೆದದ್ದರ ಹಿಂದೆ ಟೋಕಿಯೋದ ಜಪಾನ್ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಅವರ ಕೈಗೆ ಬಂದ ಒಂದು ಕಿರುಹೊತ್ತಿಗೆ ಇತ್ತು. ಸಿಂಹಗಡ ರಸ್ತೆಯಲ್ಲಿ ಒಕಾಯಾಮ ನಗರದ ಹಳೆಯ ಉದ್ಯಾನದ ಮಾದರಿಯಲ್ಲಿ ಮಾಡಿದ ಸ್ನೇಹೋದ್ಯಾನವಿದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಅರ್ಧ ಪುಣೆ ಅಲ್ಲಿರುತ್ತದೆ. ಅದಕ್ಕೆ ಮರಾಠಿ ಲೇಖಕ ಪು.ಲ. ದೇಶಪಾಂಡೆಯವರ ಹೆಸರಿಟ್ಟಿದ್ದಾರೆ. ಪು.ಲ. ಅವರು ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಮಾಸ್ತರಿಕೆ ಮಾಡಿದವರು ಎಂಬುದು ಆ ಉದ್ಯಾನದಲ್ಲಿ ಮೀನಿಗೆ ಚುರುಮುರಿ ಹಾಕುವ ಎಷ್ಟು ಜನರಿಗೆ ಗೊತ್ತೋ.

ನಮ್ಮ ಕಡೆಯಿಂದ ಪುಣೆಗೆ ಬಂದವರೂ ಕಡಿಮೆಯಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ಕಾಲೇಜು ಕಲಿಯಬೇಕೆಂದರೆ ರೈಲು ಹತ್ತಲೇಬೇಕಿತ್ತು. ಕವಿ ಬೇಂದ್ರೆ ಹಾಗೆ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮಾಡಿದರು. ಗೋಕಾಕರು 1931ರಲ್ಲಿ ಅದೇ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಇವರಿಬ್ಬರನ್ನೂ ಪರದೇಶಿ ಎನ್ನಲಾಗದು. ಆಗ ಧಾರವಾಡ, ಪುಣೆ ಎರಡೂ ಒಂದೇ ಮುಂಬಯಿ ಪ್ರಾಂತ, ಒಂದೇ ವಿಶ್ವವಿದ್ಯಾಲಯ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಬಿದ್ದ ಮೇಲೆ ನಾವು ಹೊರಗಿನವರಾದೆವು. ಬೇಂದ್ರೆಯವರದು ಇನ್ನೂ ವಿಚಿತ್ರ: ಮನೆಮಾತು ಮರಾಠಿ, ಕಾವ್ಯ ಕನ್ನಡ, 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರು. ಅವರು ಮರಾಠಿಯಲ್ಲೂ ಬರೆದರು, ಮರಾಠಿಗರು ಅವರನ್ನು ವೇದಿಕೆಗೆ ಕರೆದರು, ಜಗಳವಾಡಿದರು. ಸೊಲ್ಲಾಪುರ ಅವರಿಗೆ ಬರೀ ಸಂಬಳದ ಊರಾಗಿ ಉಳಿಯಲಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಊರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಾಸ್ತರರಲ್ಲೂ ಕಳ್ಳರಿದ್ದೇವೆ. ನನ್ನನ್ನೇ ತೆಗೆದುಕೊಳ್ಳಿ. ತರಗತಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಭಾನುವಾರ ಎರಂಡವಣೆಯ ಕನ್ನಡ ಸಂಘದ ಕಾರ್ಯಕ್ರಮ. ಹಸಿವಾದರೆ ಫರ್ಗ್ಯುಸನ್ ರಸ್ತೆಯ ವೈಶಾಲಿ, ರೂಪಾಲಿ. ದಕ್ಷಿಣ ಕನ್ನಡದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ಆ ಹೋಟೆಲುಗಳಲ್ಲಿ ದೋಸೆಯಂತೂ ನಮ್ಮದೇ. ಹೀಗೆ ಹತ್ತು ವರ್ಷ ಮರಾಠಿ ಕಲಿಯದೆ ಪುಣೆಯಲ್ಲಿ ಬದುಕಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವ ಪುಣೆಕರರ ಬಗ್ಗೆ, ಅವರ ಗೋಡೆಯ ಮೇಲಿನ ಚುಚ್ಚುಮಾತಿನ ಫಲಕಗಳ ಬಗ್ಗೆ ಧಾರವಾಡಕ್ಕೆ ಹೋದಾಗಲೆಲ್ಲ ಕಥೆ ಹೇಳಿ ನಗಿಸುತ್ತಿದ್ದೆ. ಅಷ್ಟರಮಟ್ಟಿಗೆ ನಾನೂ ಬೊಚ್ಚಾನ್‌ನೇ. ಪಡಸಾಲೆಯ ಕುರ್ಚಿ ನನಗೂ ಹಿತವಾಗಿತ್ತು. ಅಲ್ಲಿ ಕೂತವನು ಓಣಿಯ ವಂತಿಗೆ ಕೊಡಬೇಕಾಗಿಲ್ಲ, ಗಣಪತಿ ಮಂಡಳಿಯಲ್ಲಿ ಕುರ್ಚಿ ಜೋಡಿಸಬೇಕಾಗಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಬಂದು ಹೋಗುವ ಮಾಸ್ತರನಿಂದಲೂ ದೊಡ್ಡ ಕೆಲಸ ಆಗುತ್ತದಲ್ಲ ಎಂದು ಕೇಳಬಹುದು. ಜೇಮ್ಸ್ ಕಸಿನ್ಸ್ ಇಲ್ಲವೇ? 1924ರಲ್ಲಿ ಮೈಸೂರಿಗೆ ಬಂದಿದ್ದ ಈ ಐರಿಷ್ ಕವಿ, ಇಂಗ್ಲಿಷಿನಲ್ಲಿ ಕವಿತೆ ಬರೆದು ತೋರಿಸಿದ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದ. ಆ ಹುಡುಗ ಕುವೆಂಪು ಆದ. ಒಂದು ಭೇಟಿಯ ಫಲ ಅದು, ಒಪ್ಪುತ್ತೇನೆ. ಆದರೆ ಕಸಿನ್ಸ್ ಅವತ್ತು ರೈಲಿನಿಂದ ಇಳಿದು ಬಂದ ಅತಿಥಿಯಲ್ಲ. 1915ರಿಂದ ಭಾರತದಲ್ಲಿದ್ದವನು. ಮದನಪಲ್ಲಿಯೆಂಬ ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಹೇಳಿದವನು. ಅವನ ಹೆಂಡತಿ ಮಾರ್ಗರೆಟ್ ಅಲ್ಲೇ, 1919ರಲ್ಲಿ ರವೀಂದ್ರರು ತಂಗಿದ್ದಾಗ, ಜನಗಣಮನದ ಸ್ವರಲಿಪಿ ಬರೆದಳು. ಅದೇ ವರ್ಷ ಅವನು ಜಪಾನಿಗೆ ಹೋಗಿ ಟೋಕಿಯೋದ ಕೆಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿಯೂ ಬಂದಿದ್ದ. ತನ್ನ ನಾಡಿನಲ್ಲೇ ಐರಿಷ್ ಭಾಷೆ ಇಂಗ್ಲಿಷಿನ ಅಡಿ ಸಿಕ್ಕು ನಲುಗಿದ್ದನ್ನು ಕಂಡವನು. ಅಷ್ಟೆಲ್ಲ ಬದುಕಿದ ಮೇಲೆ ಬಂದ ಮಾತು ಅದು. ಟೇಪ್ ರೆಕಾರ್ಡರ್ ಹಾಗೆ ನುಡಿಯುವುದಿಲ್ಲ.

ಜಪಾನಿನ ಐದು ವರ್ಷದ ಮಿತಿಯನ್ನು ಟೀಕಿಸುವ ಮೊದಲು ನಮ್ಮ ಮನೆ ನೋಡಿಕೊಳ್ಳಬೇಕು. ಅವರಾದರೂ ಪರದೇಶದವರಿಗೆ ಐದು ವರ್ಷ ಕೊಡುತ್ತಾರೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಮಂದಿಯನ್ನು ವರ್ಷವರ್ಷವೂ ಹೊಸದಾಗಿ ನೇಮಿಸಿಕೊಂಡು, ಹತ್ತು ಹದಿನೈದು ವರ್ಷ ದುಡಿಸಿಕೊಂಡು, ಅವರಿಗೆ ಅತಿಥಿ ಉಪನ್ಯಾಸಕರು ಎಂದು ಹೆಸರಿಟ್ಟಿದ್ದೇವೆ. ಈ ಹೆಸರು ಕೊಟ್ಟವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ. ಅತಿಥಿ ದೇವರು ಎನ್ನುವ ನಾಡಿನಲ್ಲಿ, ಮುಂದಿನ ಜೂನಿನಲ್ಲಿ ಕೆಲಸ ಇದೆಯೋ ಇಲ್ಲವೋ ತಿಳಿಯದವನಿಗೆ ಅತಿಥಿ ಎನ್ನುವುದು ಕ್ರೂರ ಹಾಸ್ಯ. ವಿಜಯಪುರದವನು ಚಾಮರಾಜನಗರದಲ್ಲಿ ಪಾಠ ಹೇಳುತ್ತಿದ್ದರೆ ಅವನು ಅಲ್ಲಿ ಮನೆ ಮಾಡುವುದೋ, ಬಸ್ಸಿನ ಪಾಸು ಮಾಡಿಸುವುದೋ? ಬಸ್ ಪಾಸಿನ ಮೇಷ್ಟ್ರಿಗೆ ಊರಿನ ಮಕ್ಕಳ ಮನೆ ಗೊತ್ತಾಗುವುದಿಲ್ಲ. ಯಾವ ಹುಡುಗಿ ಏಕೆ ಎರಡು ವಾರದಿಂದ ಬರುತ್ತಿಲ್ಲ ಎಂದು ತಿಳಿಯುವುದಿಲ್ಲ. ನಷ್ಟ ಮೇಷ್ಟ್ರಿಗೆ ಮಾತ್ರ ಅಲ್ಲ.

ಕರಾರು ಎಷ್ಟು ವರ್ಷದ್ದೆಂದು ತೀರ್ಮಾನಿಸುವುದು ಸರ್ಕಾರ, ಅದಕ್ಕೆ ನಾವು ಹೋರಾಡಬೇಕು. ಓಣಿಯ ಮಾತು ಹಾಗಲ್ಲ, ಅದು ನಮ್ಮ ಕೈಯಲ್ಲೇ ಇದೆ. ನನಗೆ ಪುಣೆಯಲ್ಲಿ ನೆಲೆ ಸಿಕ್ಕ ದಿನ ಚೆನ್ನಾಗಿ ನೆನಪಿದೆ. ಇಲ್ಲಿ 'ಸ್ವಚ್ಛ' ಎಂಬ ಕಸ ಆಯುವ ಹೆಂಗಸರ ಸಹಕಾರಿ ಸಂಘ ಮನೆಮನೆಯಿಂದ ಕಸ ಒಯ್ಯಲು ಶುರುಮಾಡಿ ಸ್ವಲ್ಪ ಕಾಲವಾಗಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು. ನಾನು ಚಹಾದ ಚರಟ, ಬಾಳೆಸಿಪ್ಪೆ, ಪೇಪರು, ಹಾಲಿನ ಪ್ಯಾಕೆಟ್ಟು ಎಲ್ಲ ಒಂದೇ ಬಕೆಟ್ಟಿಗೆ ಸುರಿದು ಬಾಗಿಲಲ್ಲಿಟ್ಟಿದ್ದೆ. ಆಕೆ ಬಕೆಟ್ಟು ಎತ್ತಿ ನೋಡಿ, ಕೆಳಗಿಟ್ಟು, ಇಡೀ ಕಟ್ಟಡಕ್ಕೆ ಕೇಳುವಂತೆ ಅಂದಳು: "ಮಾಸ್ತರ್ ಅಸೂನ್ ಎವ್ಢಂ ಕಳತ್ ನಾಹೀ ಕಾ?" ಮಾಸ್ತರನಾಗಿದ್ದೂ ಇಷ್ಟು ತಿಳಿಯುವುದಿಲ್ಲವೇ?

ಪುಣೆಗೆ ಬಂದು ಹದಿನೈದು ವರ್ಷವಾಗಿತ್ತು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಸರ್ ಅಂದಿದ್ದರು. ಮಾಸ್ತರ ಅಂದವಳು ಆಕೆಯೇ ಮೊದಲು. ಧಾರವಾಡದಲ್ಲಿ ನಮ್ಮಪ್ಪನನ್ನು ಜನ ಕರೆಯುತ್ತಿದ್ದುದು ಹಾಗೆಯೇ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಬಾಳೆಸಿಪ್ಪೆ ಬೇರೆ ಮಾಡಿದೆ. ಆಕೆ ನಿಂತು ಕಾದಳು. ಆ ವಾರವೇ ಮರಾಠಿ ಬರೆಯಲು ಕಲಿಯತೊಡಗಿದೆ.

ಈ ಜೂನಿನಲ್ಲಿ ನಿಮ್ಮ ಓಣಿಗೂ ಯಾವುದೋ ಊರಿನಿಂದ ಒಬ್ಬ ಮೇಷ್ಟ್ರು, ಒಬ್ಬ ಟೀಚರಮ್ಮ ಬರಬಹುದು. ನಮಸ್ಕಾರ ಆಮೇಲೆ ಮಾಡಿ. ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಮೊದಲು ಹೇಳಿ.